ಮೊಳೆಯ ಮೇಲೆ ಒಂದು ರಾತ್ರಿ

ಮಾರ್ಕೆಟ್ಟಿಗೆಲ್ಲ ಹೊತ್ತು ಸರಿಮಾಡಿಕೊಟ್ಟವಳು ನಾನು. ಅಂಥವಳ ಮುಂದೆ ಪಾಟಿಯಷ್ಟು ಅಗಲದ ಒಂದು ಟ್ಯಾಬ್ ತಂದು ನಿಲ್ಲಿಸಿ, ಅದು ‘ಟಣ್’ ಎಂದಾಗ ಮಾತ್ರೆ ನುಂಗಬೇಕು, ಇನ್ನೊಮ್ಮೆ ‘ಟಣ್’ ಎಂದಾಗ ಟವೆಲ್ ಹಿಂಡಬೇಕು ಎಂದರೆ ಮೈ ಉರಿಯದೇ ಇರುತ್ತದೆಯೇ? ಉರಿಯಿತು. ಆದರೆ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಮಗಳ ಮನೆಯ ಅಡುಗೆಮನೆಯಲ್ಲಿ ಕೂತವಳು ಎಷ್ಟೆಂದು ಹಾರಾಡುವುದು? ಬಾಯಿಗೆ ಬೀಗ ಹಾಕಿಕೊಂಡೆ.

ನನ್ನದು ಗಡಿಯಾರ ರಿಪೇರಿಯ ಅಂಗಡಿ. ಮಾರ್ಕೆಟ್ಟಿನ ಒಳಗೆ, ಮೇಲಂತಸ್ತಿಗೆ ಹೋಗುವ ಮೆಟ್ಟಿಲ ಕೆಳಗೆ ಇದೆ. ಅಂಗಡಿ ಎನ್ನುವುದೇ ಹೆಚ್ಚು. ಒಂದು ಮೇಜು, ಒಂದು ಸ್ಟೂಲು, ಒಂದು ದೀಪ, ನಾನು. ಗಿರಾಕಿ ಒಳಗೆ ಬರಬೇಕಾದರೆ ನಾನು ಹೊರಗೆ ಹೋಗಬೇಕು. ಕೆಲಸ ಕಲಿಸಿದ್ದು ನನ್ನ ಮಾವ, ಗಂಡನ ಅಪ್ಪ. ಗಂಡನಿಗೆ ಒಂದು ಕಡೆ ಕೂರುವ ಜಾಯಮಾನವೇ ಇರಲಿಲ್ಲ. ಲಾರಿ ಓಡಿಸಿಕೊಂಡು ತಿರುಗಿ ತಿರುಗಿ, ಕೊನೆಗೊಂದು ದಿನ ಹೇಳದೆ ಕೇಳದೆ ಹೋಗಿಬಿಟ್ಟರು. ಆಗ ಮಾವ ತಮ್ಮ ಸ್ಟೂಲಿನಿಂದ ಎದ್ದು, ನನ್ನನ್ನು ಕೂರಿಸಿ, ಕೈಗೆ ಚಿಮಟ ಕೊಟ್ಟರು. ಆ ಸ್ಟೂಲಿನ ಮೇಲೆ ಕೂತೇ ಮಗಳನ್ನು ಓದಿಸಿದೆ, ಮದುವೆ ಮಾಡಿದೆ.

ಮೇಜಿನ ಹಿಂದಿನ ಗೋಡೆಗೆ ಒಂದು ಹಲಗೆ, ಹಲಗೆಯ ತುಂಬ ಸಾಲಾಗಿ ಸಣ್ಣ ಮೊಳೆಗಳು. ರಿಪೇರಿಯಾದ ವಾಚನ್ನು ಗಿರಾಕಿಯ ಹೆಸರು ಬರೆದ ಚೀಟಿಯ ಸಮೇತ ಒಂದು ಮೊಳೆಗೆ ತೂಗುಹಾಕಬೇಕು. ಒಂದು ರಾತ್ರಿ ಅದು ತನ್ನಷ್ಟಕ್ಕೆ ತಾನು ಓಡಬೇಕು. ನಾವು ಮುಟ್ಟುವಂತಿಲ್ಲ, ಕಿವಿಗೆ ಹಿಡಿದು ನೋಡುವಂತಿಲ್ಲ. ಬೆಳಿಗ್ಗೆ ಬಂದು ಹೊತ್ತು ಹೋಲಿಸಿ, ಸರಿಯಿದ್ದರೆ ಮಾತ್ರ ಚೀಟಿ ಕೀಳುವುದು. ಚೀಟಿ ಕಿತ್ತರೆ ಕೆಲಸ ಮುಗಿಯಿತು. ಅಲ್ಲಿಯವರೆಗೆ ಗಿರಾಕಿ ಬಂದು “ಆಯ್ತಾ?” ಎಂದು ಎಷ್ಟು ಸಲ ಕೇಳಿದರೂ ಮಾವನ ಬಾಯಲ್ಲಿ ಇದ್ದದ್ದು ಒಂದೇ ಮಾತು: “ನಾಳೆ ಹೇಳ್ತೀನಿ.” ವಾಚು ಕಣ್ಣೆದುರಿಗೇ ಓಡುತ್ತಿದ್ದರೂ ಅಷ್ಟೇ. ಅವರು ತೀರಿಕೊಂಡ ಮೇಲೆ ಆ ಮಾತು ನನ್ನ ಬಾಯಿಗೆ ಬಂದು ಕೂತಿತು. ಮಾರ್ಕೆಟ್ಟಿನಲ್ಲಿ ನನಗೆ ‘ನಾಳೆಯಮ್ಮ’ ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ; ಕರೆದು ನೋಡಲಿ.

ನಾನು ಬಿದ್ದದ್ದು ಸ್ಟೂಲು ಹತ್ತಿ ಒಂದು ಗೋಡೆ ಗಡಿಯಾರ ತೂಗುಹಾಕುವಾಗ. ಗಡಿಯಾರಕ್ಕೆ ಏನೂ ಆಗಲಿಲ್ಲ, ಎದೆಗೆ ಅವುಚಿಕೊಂಡಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಡಾಕ್ಟರು ಒಳಗೊಂದು ಲೋಹದ ಪಟ್ಟಿ ಕೂರಿಸಿ ಪುಟ್ಟ ಪುಟ್ಟ ಸ್ಕ್ರೂ ಬಿಗಿದರು. ಜೀವಮಾನವೆಲ್ಲ ನಾನು ಬೇರೆಯವರ ವಾಚಿಗೆ ಮಾಡಿದ್ದನ್ನು ಇವರು ನನ್ನ ಕೈಗೇ ಮಾಡಿದರು ಎಂದು ಆಸ್ಪತ್ರೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕೆ. ನಗು ಮೇಲುಮೇಲಿನದು. ಈ ಕೈಯಲ್ಲಿ ಇನ್ನೊಮ್ಮೆ ಚಿಮಟ ಹಿಡಿಯುತ್ತೇನೋ ಇಲ್ಲವೋ ಎಂದು ರಾತ್ರಿಯೆಲ್ಲ ಬೆರಳು ಮಡಚಿ ನೋಡಿಕೊಳ್ಳುತ್ತಿದ್ದೆ.

ಮಗಳು ನನ್ನನ್ನು ತನ್ನ ಮನೆಗೆ ಕರೆದುಕೊಂಡು ಬಂದಳು. ಅವಳಿಗೆ ಬಸ್ ಡಿಪೋದಲ್ಲಿ ಕೆಲಸ. ಯಾವ ಬಸ್ಸಿಗೆ ಯಾವ ಡ್ರೈವರು, ಯಾರಿಗೆ ಯಾವ ಪಾಳಿ, ಯಾರಿಗೆ ರಜೆ, ಎಲ್ಲವನ್ನೂ ಹಂಚುವವಳು ಅವಳೇ. ಮನೆಯನ್ನೂ ಡಿಪೋ ಮಾಡಿಟ್ಟಿದ್ದಾಳೆ. ಕೆಲಸಗಳ ಪಟ್ಟಿ ಇಡುವ ಆ್ಯಪ್ ಒಂದಿದೆ. ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಅದೇ. ಹಾಲು ತರುವುದು, ಬಾತ್‌ರೂಮಿನ ಬಲ್ಬು ಬದಲಿಸುವುದು, ಗಂಡನ ಹಲ್ಲುನೋವಿಗೆ ಡಾಕ್ಟರನ್ನು ನೋಡುವುದು, ಎಲ್ಲವೂ ಅದರ ಹೊಟ್ಟೆಗೆ. ಮಾಡಿದ ಕೂಡಲೇ ಟಿಕ್. “ತಲೇಲಿ ಇಟ್ಕೊಂಡ್ರೆ ತಲೆ ಸಿಡಿದುಹೋಗುತ್ತಮ್ಮ. ಇದ್ರಲ್ಲಿ ಹಾಕಿಬಿಟ್ರೆ ನಿದ್ದೆ ಬರುತ್ತೆ” ಎನ್ನುತ್ತಾಳೆ. ನಾನು ಅವಳನ್ನು ‘ಡಿಪೋ ಮೇಡಂ’ ಎಂದು ಕರೆಯುತ್ತೇನೆ, ಬೇಕೆಂದೇ.

ಅಳಿಯ ಲಿಫ್ಟ್ ರಿಪೇರಿ ಮಾಡುವವನು. ಅಳಿಯನೆಂಬ ಮರ್ಯಾದೆಗೆ ಎದುರಿಗೆ ‘ನೀವು’ ಎನ್ನುತ್ತೇನೆ. ಮನಸ್ಸಿನಲ್ಲಿ ಅವನು ಅವನೇ. ಮಾತು ಬಹಳ ಕಡಿಮೆ. ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಏನು ಬಿದ್ದರೂ ತುಟಿ ಪಿಟಕ್ಕೆನ್ನದೆ ಮಾಡಿ ಮುಗಿಸುತ್ತಾನೆ. ಒಮ್ಮೆ ಮಗಳು ಅವಸರದಲ್ಲಿ ಒಂದೇ ಕಿಟಕಿಯನ್ನು ಎರಡು ಸಲ ಬರೆದಿದ್ದಳಂತೆ. ಪುಣ್ಯಾತ್ಮ ಎರಡು ಸಲವೂ ಒರೆಸಿದ.

ಫ್ರಿಜ್ಜಿನ ಪಕ್ಕ ಆ ಹಳೆಯ ಟ್ಯಾಬ್ ನಿಲ್ಲಿಸಿ ಮಗಳು ನನಗೂ ಒಂದು ಪಟ್ಟಿ ತೆರೆದಳು. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಹೇಳಿದ್ದನ್ನೆಲ್ಲ ಸಾಲಾಗಿ ಬರೆದಿದ್ದಳು: ಟವೆಲ್ ಹಿಂಡುವುದು, ಬಾಟಲಿಯ ಮುಚ್ಚಳ ತಿರುಗಿಸುವುದು, ಸ್ವೆಟರಿನ ಗುಂಡಿ ಹಾಕಿಕೊಳ್ಳುವುದು, ಸೂಜಿಗೆ ದಾರ ಪೋಣಿಸುವುದು. ಪ್ರತಿಯೊಂದರ ಮುಂದೆಯೂ ಒಂದು ಖಾಲಿ ಚೌಕ.

“ನೋಡಮ್ಮ, ನಮ್ಮಿಬ್ರ ಮಧ್ಯೆ ಒಂದು ಒಪ್ಪಂದ,” ಎಂದಳು. “ಅಂಗಡಿ ಹೀಗೇ ಮುಚ್ಚಿದ್ರೆ ಬೇರೆಯವ್ರಿಗೆ ಕೊಟ್ಟುಬಿಡ್ತೀವಿ ಅಂತ ಮಾರ್ಕೆಟ್ ಸೂಪರ್‌ವೈಸರ್ ಹೇಳಿದಾರೆ. ಫೋನ್ ಕವರ್ ಮಾರೋನೊಬ್ಬ ಆಗ್ಲೇ ಬಂದು ಟೇಪ್ ಹಿಡಿದು ಅಳತೆ ಮಾಡ್ಕೊಂಡು ಹೋದನಂತೆ. ನಾನು ತಿಂಗಳ ಕೊನೆ ತನಕ ಟೈಮ್ ಕೇಳಿದೀನಿ. ಅಷ್ಟರೊಳಗೆ ನಿನ್ನ ಪಟ್ಟಿ ದಿನಾ ಪೂರ್ತಿ ಆಗೋ ಹಾಗಾದ್ರೆ ಬೀಗದ ಕೈ ನಿನ್ನ ಕೈಗೆ. ಆಗ್ಲಿಲ್ಲ ಅಂದ್ರೆ ಅಂಗಡಿ ಬಿಟ್ಟು ನಮ್ಮ ಜೊತೆ ಆರಾಮಾಗಿ ಇರ್ಬೇಕು.”

“ಬೀಗದ ಕೈ ಎಲ್ಲಿದೆ ಈಗ?”

“ನನ್ನ ಬ್ಯಾಗಲ್ಲಿ.”

“ನನ್ನ ಅಂಗಡಿ ಬೀಗದ ಕೈ ನಿನ್ನ ಬ್ಯಾಗಲ್ಲಿ ಏನೇ ಮಾಡ್ತಿದೆ?”

“ಅಮ್ಮಾ...”

ಆ ದನಿಯಲ್ಲಿ ‘ಅಮ್ಮಾ’ ಎಂದರೆ ಮುಂದೆ ಮಾತಿಲ್ಲ ಎಂದರ್ಥ. ಎರಡು ವರ್ಷದ ಮಗುವಾಗಿದ್ದಾಗಿಂದಲೂ ಅದೇ ದನಿ. ಒಪ್ಪಿಕೊಂಡೆ. ಆರಾಮಾಗಿ ಇರುವುದು ಎಂಬ ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಏನು ಬೇಕಾದರೂ ಮಾಡಲು ತಯಾರಿದ್ದೆ.

ಬೆಳಗಾಗುತ್ತಿದ್ದಂತೆ ಇಬ್ಬರೂ ಕೆಲಸಕ್ಕೆ ಹೊರಡುತ್ತಿದ್ದರು. ಆಮೇಲೆ ನಾನು, ಆ ಟ್ಯಾಬು, ಒಂದು ಒದ್ದೆ ಟವೆಲು. ಮೊದಮೊದಲು ಹಿಂಡಿದರೆ ಟವೆಲಿನಿಂದ ಒಂದು ಹನಿ ಬೀಳುತ್ತಿರಲಿಲ್ಲ. ನೀರೆಲ್ಲ ನನ್ನ ಕಣ್ಣಿನಿಂದಲೇ ಬರುತ್ತಿತ್ತು. ಯಾರೂ ಇಲ್ಲದ ಮನೆ, ಧಾರಾಳವಾಗಿ ಬೈದುಕೊಂಡೆ. ಟವೆಲನ್ನು ಬೈದೆ, ಬಾಟಲಿಯ ಮುಚ್ಚಳವನ್ನು ಬಿಗಿದವನ ವಂಶವನ್ನೇ ಬೈದೆ, ಮಧ್ಯೆ ಮಧ್ಯೆ ‘ಟಣ್’ ಎನ್ನುವ ಆ ಟ್ಯಾಬಿಗೆ ವಿಶೇಷವಾಗಿ ಬೈದೆ. ಹಲ್ಲು ಕಚ್ಚಿಕೊಂಡು ಮತ್ತೆ ಹಿಂಡಿದೆ. ಸ್ವಲ್ಪ ದಿನದಲ್ಲಿ ಟವೆಲು ಸೋತಿತು, ಮುಚ್ಚಳ ಸೋತಿತು. ಗುಂಡಿಗಳು ಮಾತ್ರ ಹಟ ಹಿಡಿದಿದ್ದವು, ಅವೂ ಕೊನೆಗೆ ದಾರಿಗೆ ಬಂದವು.

ಸೂಜಿಗೆ ದಾರ ಪೋಣಿಸಿದ ದಿನ ಅಡುಗೆಮನೆಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟೆ. ಎದ್ದು ಹೋಗಿ ಚೌಕದ ಮೇಲೆ ಬೆರಳಿಡಲು ಹೊರಟವಳು ಅಲ್ಲೇ ನಿಂತೆ. ಇವತ್ತು ಆಯಿತು, ಸರಿ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಕೈ ಊದಿಕೊಂಡರೆ? ನಾಳೆ ಬೆರಳು ಮಡಚಲಾಗದಿದ್ದರೆ? ಓಡುತ್ತಿದೆ ಎಂದ ಮಾತ್ರಕ್ಕೆ ವಾಚು ಸರಿಯಾಯಿತು ಎಂದು ಯಾರಾದರೂ ಹೇಳುತ್ತಾರೆಯೇ? ಹಿಂದಿನ ದಿನಗಳಲ್ಲಿ ಟವೆಲಿಗೂ ಮುಚ್ಚಳಕ್ಕೂ ಮಾಡಿದ ಹಾಗೆಯೇ ಇದಕ್ಕೂ ಟಿಕ್ ಹಾಕದೆ ಬಿಟ್ಟೆ. ಬೆಳಿಗ್ಗೆ ಕೈ ನೋಡಿಕೊಂಡು ಹಾಕಿದರಾಯಿತು.

ಬೆಳಿಗ್ಗೆ ನೋಡಿದರೆ ಹಿಂದಿನ ದಿನದ ಸಾಲುಗಳು ಅಲ್ಲಿ ಇರುತ್ತಲೇ ಇರಲಿಲ್ಲ. ಹೊಸ ದಿನದ ಹೊಸ ಪಟ್ಟಿ ಬಂದು ಕೂತಿರುತ್ತಿತ್ತು. ಮೊದಲ ಸಲ ಹಾಗಾದಾಗ ಆಶ್ಚರ್ಯಪಟ್ಟಿದ್ದೆ. ಆಮೇಲೆ ನನಗೆ ಅರ್ಥವಾಯಿತು ಎಂದುಕೊಂಡೆ: ರಾತ್ರಿ ಕಳೆದ ಮೇಲೆ ಈ ಯಂತ್ರ ತಾನೇ ನೋಡಿ, ಸರಿ ಎನಿಸಿ, ಚೀಟಿ ಕೀಳುತ್ತದೆ. ನಮ್ಮ ಮಾವನ ಪದ್ಧತಿ ಇದಕ್ಕೂ ಗೊತ್ತಿದೆಯಲ್ಲ ಎಂದು ಅದರ ಮೇಲೆ ಮೊದಲ ಬಾರಿಗೆ ಸ್ವಲ್ಪ ಗೌರವ ಹುಟ್ಟಿತು. ಬೈಯುವುದನ್ನೂ ಕಡಿಮೆ ಮಾಡಿದೆ.

ಸಂಜೆ ಮಗಳು ಮನೆಗೆ ಬರುವ ಹೊತ್ತಿಗೆ ನನ್ನ ಕೈ ದಣಿದಿರುತ್ತಿತ್ತು. ಅದನ್ನು ತೊಡೆಯ ಮೇಲೊಂದು ದಿಂಬಿಟ್ಟು ಮಲಗಿಸಿಬಿಡುತ್ತಿದ್ದೆ. ಮೊಳೆಗೆ ಹಾಕಿದ ವಾಚನ್ನು ಯಾರಾದರೂ ಮುಟ್ಟುತ್ತಾರೆಯೇ? ಅವಳು ಬಂದು ಬ್ರೆಡ್ಡಿಗೆ ಬೆಣ್ಣೆ ಸವರಿಕೊಡುತ್ತಿದ್ದಳು, ಬಾಟಲಿಯ ಮುಚ್ಚಳ ತೆಗೆದುಕೊಡುತ್ತಿದ್ದಳು. ಬಾಲ್ಕನಿಯಲ್ಲಿ ಕೂರುವ ಮುಂಚೆ ಚಳಿಯಾಗುತ್ತದೆಂದು ನನ್ನ ಸ್ವೆಟರಿನ ಗುಂಡಿಗಳನ್ನು ಕೆಳಗಿನಿಂದ ಮೇಲಿನವರೆಗೂ ತಾನೇ ಹಾಕುತ್ತಿದ್ದಳು. ಬರುಬರುತ್ತಾ ಅವಳ ಮಾತು ಕಡಿಮೆಯಾಯಿತು, ದನಿ ಮೆತ್ತಗಾಯಿತು. ಕೆಲಸ ಚೆನ್ನಾಗಿ ನಡೆಯುತ್ತಿದೆ, ಡಿಪೋ ಮೇಡಂಗೆ ಸಮಾಧಾನವಾಗಿದೆ ಎಂದು ನಾನು ಒಳಗೊಳಗೇ ಬೀಗಿದೆ.

ತಿಂಗಳ ಕೊನೆಯ ವಾರದ ಭಾನುವಾರ, ಊಟಕ್ಕೆ ಕೂತಿದ್ದಾಗ ಮಗಳು ತಟ್ಟೆ ನೋಡಿಕೊಂಡೇ ಹೇಳಿದಳು.

“ಅಮ್ಮಾ, ನಾಳೆ ಸೂಪರ್‌ವೈಸರ್‌ಗೆ ಫೋನ್ ಮಾಡಿ ಹೇಳ್ಬಿಡ್ತೀನಿ. ಅಂಗಡಿ ಬಿಟ್ಟುಬಿಡೋಣ.”

“ಯಾಕೆ ಬಿಡೋದು? ಒಪ್ಪಂದ ಏನಾಗಿತ್ತು?”

“ಒಪ್ಪಂದದ ಪ್ರಕಾರಾನೇ ಹೇಳ್ತಿರೋದು.”

“ಹಾಗಾದ್ರೆ ಬೀಗದ ಕೈ ಇಡು ಇಲ್ಲಿ!” ಎಂದು ಎಡಗೈಯಲ್ಲಿ ಮೇಜು ಗುದ್ದಿದೆ. ನೀರಿನ ಲೋಟ ಹಾರಿತು. “ದಿನಾ ಮಾಡಿದೀನಿ. ಒಂದ್ ದಿನ ಬಿಟ್ಟಿದ್ರೆ ಕೇಳು. ಕೊಡೋ ಮನಸ್ಸಿಲ್ಲ ಅಂದ್ರೆ ನೇರವಾಗಿ ಹೇಳು, ನಾಟಕ ಬೇಡ!”

ಮಗಳು ತಟ್ಟೆ ಸರಿಸಿದಳು. ಫೋನು ತೆಗೆದು ನನ್ನ ಮುಂದೆ ಹಿಡಿದಳು. ನನ್ನ ಹೆಸರಿನ ಕೆಳಗೆ ಮೇಲಿನಿಂದ ಕೆಳಗಿನವರೆಗೆ ಬರೀ ಕೆಂಪು ಸಾಲು. ಬೆರಳಿನಿಂದ ತಳ್ಳಿದಷ್ಟೂ ಕೆಂಪೇ ಮೇಲೆ ಬರುತ್ತಿತ್ತು. ಪ್ರತಿ ಸಾಲಿನ ಪಕ್ಕದಲ್ಲೂ ‘ತಪ್ಪಿಹೋಗಿದೆ’ ಎಂದು ಬರೆದಿತ್ತು. ಟವೆಲ್ ತಪ್ಪಿಹೋಗಿದೆ. ಗುಂಡಿ ತಪ್ಪಿಹೋಗಿದೆ. ನಾನು ಒಬ್ಬಳೇ ನಕ್ಕ ದಿನದ ಸೂಜಿ ದಾರವೂ ತಪ್ಪಿಹೋಗಿದೆ.

“ಸುಳ್ಳು ಹೇಳ್ತಿದೆ ಇದು,” ಎಂದೆ.

“ಮೊದ್ಲು ಮರೆತಿರ್ಬೇಕು ಅಂದ್ಕೊಂಡೆ,” ಮಗಳ ಕಣ್ಣು ತುಂಬಿತ್ತು. “ಆಮೇಲೆ ಸಂಜೆ ಬಂದಾಗೆಲ್ಲ ನೋಡ್ತಿದ್ದೆ, ಕೈನ ದಿಂಬಿನ ಮೇಲಿಂದ ಎತ್ತುತಾನೇ ಇರ್ಲಿಲ್ಲ ನೀನು. ಒಂದು ಮುಚ್ಚಳಾನೂ ತೆಗೀತಿರ್ಲಿಲ್ಲ. ಅಮ್ಮಂಗೆ ಮನಸ್ಸೇ ಕುಸಿದುಹೋಗಿದೆ, ಕೈಚೆಲ್ಲಿ ಕೂತಿದಾಳೆ ಅಂತಾನೇ ತಿಳ್ಕೊಂಡೆ. ಕೇಳೋಣ ಅಂದ್ರೆ, ಒತ್ತಾಯ ಮಾಡ್ಬೇಡಿ, ಇನ್ನೂ ಕುಗ್ಗಿಹೋಗ್ತಾರೆ ಅಂತ ಆ ವ್ಯಾಯಾಮದ ಹುಡುಗಿ ಹೇಳಿದ್ಲು. ಎಷ್ಟು ದಿನ ಡಿಪೋದಲ್ಲಿ ಬಾಗಿಲು ಹಾಕ್ಕೊಂಡು ಅತ್ತಿದೀನಿ ಗೊತ್ತಾ?”

ಅಷ್ಟು ಹೊತ್ತು ಸುಮ್ಮನೆ ಊಟ ಮಾಡುತ್ತಿದ್ದ ಅಳಿಯ ಚಮಚ ಕೆಳಗಿಟ್ಟ.

“ಅತ್ತೆ,” ಎಂದ. “ಮಾಡಿಲ್ವೋ, ಟಿಕ್ ಮಾಡಿಲ್ವೋ?”

“ಮಾಡಿದೀನಿ. ಟಿಕ್ ಯಾಕೆ ಮಾಡ್ಲಿ? ಬೆಳಿಗ್ಗೆ ನೋಡೋಣ ಅಂತ ಬಿಟ್ಟಿರ್ತಿದ್ದೆ. ಬೆಳಿಗ್ಗೆ ಅದೇ ತೆಗೆದುಹಾಕ್ತಿತ್ತಲ್ಲ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಾನು ಎದ್ದು ನಿಂತೆ. ಬಲಗೈಯಿಂದ ಸ್ವೆಟರಿನ ಗುಂಡಿಗಳನ್ನೆಲ್ಲ ಬಿಚ್ಚಿದೆ, ಮತ್ತೆ ಹಾಕಿದೆ. ಬಾಟಲಿಯ ಮುಚ್ಚಳ ತೆಗೆದು ಮಗಳ ತಟ್ಟೆಯ ಪಕ್ಕ ಟಪ್ಪೆಂದು ಇಟ್ಟೆ. ಮಗಳು ಬಾಯಿ ತೆರೆದುಕೊಂಡು ನೋಡಿದಳು. ಅವಳ ಮುಖ ಅರಳಿತು. ಅರಳಿದ ಹಾಗೆಯೇ ನಿಧಾನವಾಗಿ ಬಾಡಿತು.

“ಗುಂಡಿ ಬೇರೆ, ವಾಚು ಬೇರೆ ಅಮ್ಮ,” ಎಂದಳು. “ಗಿರಾಕಿ ವಾಚು ಬಿಚ್ಚಿಟ್ಕೊಂಡು ಕೈ ನಡುಗಿದ್ರೆ ನಿನಗೆ ಎಷ್ಟು ಸಂಕಟ ಆಗುತ್ತೆ ಅಂತ ನನಗೆ ಗೊತ್ತು. ಅದನ್ನ ನನ್ನ ಕೈಲಿ ನೋಡೋಕಾಗಲ್ಲ.”

ಅಂಗಡಿಯಿಂದ ತಂದಿದ್ದ ನನ್ನ ಕೆಲಸದ ಸಾಮಾನಿನ ಡಬ್ಬಿ ಅದೇ ಮನೆಯಲ್ಲಿ, ಬಟ್ಟೆಯ ಬೀರುವಿನ ಮೇಲೆ ಇತ್ತು. ಟವೆಲು, ಸೂಜಿ ಎಲ್ಲವನ್ನೂ ಗೆದ್ದವಳು ಒಂದು ದಿನವೂ ಅದನ್ನು ಕೆಳಗಿಳಿಸಿರಲಿಲ್ಲ. ಎಟುಕುವುದಿಲ್ಲ ಎಂದು ನೆಪ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಹೆದರಿಕೆ.

“ಡಬ್ಬಿ ತನ್ನಿ,” ಎಂದೆ ಅಳಿಯನಿಗೆ.

ಅವನು ತಂದ. ಮುಚ್ಚಳ ತೆಗೆದರೆ ಎಣ್ಣೆಯ ಆ ಹಳೆಯ ವಾಸನೆ, ಚಿಮಟಗಳು, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ. ಎಲ್ಲದರ ಮೇಲೆ ಚೀಟಿ ಕಟ್ಟಿದ ಒಂದು ವಾಚು. ನಾನು ಬೀಳುವ ಮುಂಚೆ ಅಳಿಯ ರಿಪೇರಿಗೆ ಕೊಟ್ಟಿದ್ದು, ಅವನ ಅಪ್ಪನ ಕಾಲದ ಕೀಲಿ ಕೊಡುವ ವಾಚು. ಅವನು ಒಮ್ಮೆಯೂ ಏನಾಯಿತೆಂದು ಕೇಳಿರಲಿಲ್ಲ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆ. ಮಗಳು ದೀಪ ಹತ್ತಿರಕ್ಕೆ ಎಳೆದಳು. ಹಿಂದಿನ ಮುಚ್ಚಳ ತೆಗೆದು ನೋಡಿದರೆ, ಒಂದು ಸ್ಕ್ರೂ ಸಡಿಲವಾಗಿ ಜಾರಿ ಚಕ್ರದ ಹಲ್ಲಿಗೆ ಸಿಕ್ಕಿಕೊಂಡಿತ್ತು. ಸುಲಭದ ಕೆಲಸ. ಮೊದಲಾಗಿದ್ದರೆ ಗಿರಾಕಿಯ ಜೊತೆ ಜಗಳವಾಡುತ್ತಾ ಮಾಡಿ ಮುಗಿಸುತ್ತಿದ್ದೆ. ಈಗ ಚಿಮಟದ ತುದಿ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿತ್ತು. ಮೊಣಕೈಯನ್ನು ಮೇಜಿಗೆ ಊರಿ ಉಸಿರು ಬಿಗಿಹಿಡಿದೆ. ಸ್ಕ್ರೂ ಸಿಕ್ಕಿತು, ಮೇಲೆ ಬಂತು, ಚಿಮಟದಿಂದ ಚಿಮ್ಮಿ ಎಲ್ಲಿಗೋ ಹಾರಿತು.

ಅಳಿಯ ಟಾರ್ಚು ಹಿಡಿದು ಮಂಡಿಯೂರಿ ಮೇಜಿನ ಕೆಳಗೆ ಹೋದ. ಹೆಬ್ಬೆರಳಿನಷ್ಟು ದಪ್ಪದ ಬೋಲ್ಟುಗಳೊಂದಿಗೆ ಬಾಳುವ ಮನುಷ್ಯ, ಸಾಸಿವೆಗಿಂತ ಸಣ್ಣದನ್ನು ಹುಡುಕಿಕೊಂಡು ನೆಲವನ್ನೆಲ್ಲ ತಡವಿದ. ಕೊನೆಗೆ ಅದು ಸಿಕ್ಕಿದ್ದು ಮಗಳ ಕಾಲುಚೀಲದ ಮೇಲೆ.

“ಅಲುಗ್ಬೇಡ!” ಎಂದು ಮೇಜಿನ ಕೆಳಗಿನಿಂದ ಕೂಗಿದ. ಆ ಮನೆಯಲ್ಲಿ ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಎರಡನೆಯ ಸಲ ಬಿಡಲಿಲ್ಲ. ಸ್ಕ್ರೂವನ್ನು ಅದರ ಜಾಗದಲ್ಲಿ ನಿಲ್ಲಿಸಿ, ಸ್ಕ್ರೂಡ್ರೈವರ್ ಇಟ್ಟು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದೆ. ಬಿಗಿಯಿತು. ಮಣಿಕಟ್ಟಿನೊಳಗಿನ ಸ್ಕ್ರೂಗಳೂ ನೋಯುತ್ತಿದ್ದವು. ಕೀಲಿ ಕೊಟ್ಟೆ. ವಾಚು ಒಂದು ಕ್ಷಣ ಯೋಚಿಸಿ ಓಡತೊಡಗಿತು.

ಮಗಳು ಉಸಿರು ಬಿಟ್ಟಳು. “ಆಯ್ತಾ ಅಮ್ಮ?”

“ನಾಳೆ ಹೇ—” ಎಂದವಳು ಅಲ್ಲಿಗೇ ನಿಂತೆ.

ಮಗಳು ನನ್ನನ್ನು ನೋಡಿದಳು. ವಾಚನ್ನು ನೋಡಿದಳು. ಆ ಕೆಂಪು ಸಾಲುಗಳನ್ನು ನೋಡಿದಳು. “ಅಯ್ಯೋ ದೇವರೇ, ಇದಾ ವಿಷಯ!” ಎಂದು ತಲೆಗೆ ಕೈಹೊತ್ತು ನಗತೊಡಗಿದಳು. ನಗುತ್ತಾ ನಗುತ್ತಾ ಅತ್ತಳು. “ತಾತನ ಮೊಳೆ! ಚಿಕ್ಕೋಳಿದ್ದಾಗ ನಾನೇ ಎಷ್ಟು ಚೀಟಿ ಕಿತ್ತಿದೀನಿ. ನನಗೆ ಹೊಳೀಲೇ ಇಲ್ವಲ್ಲಮ್ಮ.”

“ನನಗಾದ್ರೂ ಹೊಳೀತಾ? ನಿಮ್ಮ ಆ್ಯಪ್‌ಗೂ ನಮ್ಮ ಮಾವನಿಗೂ ಒಂದೇ ಬುದ್ಧಿ ಅಂದ್ಕೊಂಡಿದ್ದೆ.”

“ನಾವೂ ಹಾಗೇನೇ ಅತ್ತೆ,” ಎಂದ ಅಳಿಯ, ಮಂಡಿ ಕೊಡವಿಕೊಳ್ಳುತ್ತಾ. “ಖಾಲಿ ಲಿಫ್ಟನ್ನ ಸುಮಾರು ಹೊತ್ತು ಮೇಲೆ ಕೆಳಗೆ ಓಡಿಸ್ತೀವಿ. ಆಮೇಲೇ ಜನಾನ ಹತ್ತಿಸೋದು.”

ಮಗಳು ಕಣ್ಣೊರೆಸಿಕೊಂಡು ಆಗಲೇ ಫೋನಿನಲ್ಲಿ ಏನೋ ಒತ್ತುತ್ತಿದ್ದಳು. ಡಿಪೋ ಮೇಡಂ ಸುಮ್ಮನಿರುತ್ತಾಳೆಯೇ? ‘ಮಾಡಬೇಕಾದ್ದು’ ಮತ್ತು ‘ಮುಗಿದಿದ್ದು’ ಎಂಬ ಎರಡು ಕಂಬಸಾಲುಗಳ ನಡುವೆ ಇನ್ನೊಂದು ಹೊಸದನ್ನು ಸೇರಿಸಿ, ಅದರ ತಲೆಯ ಮೇಲೆ ‘ಮೊಳೆ’ ಎಂದು ಬರೆದಳು. ಇದರಲ್ಲಿ ಇಟ್ಟದ್ದು ಎಷ್ಟು ದಿನವಾದರೂ ಕೆಂಪಾಗುವುದಿಲ್ಲ ಎಂದು ವಿವರಿಸಿದಳು. ಅಳಿಯನ ವಾಚನ್ನು ಅಡುಗೆಮನೆಯ ಗೋಡೆಯಲ್ಲಿ, ಟೀ ಸೋಸುವ ಜರಡಿಯ ಪಕ್ಕದ ಮೊಳೆಗೆ ತೂಗುಹಾಕಿದೆವು. ನಾಳೆ ಬೆಳಿಗ್ಗೆ ಸರಿಯಿದ್ದರೆ ಬೀಗದ ಕೈ ಎಂದು ಮಗಳು ತಾನಾಗಿಯೇ ಹೇಳಿದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವಳು ನಾನು. ಟ್ಯಾಬಿನ ಮೂಲೆಯಲ್ಲಿ ತೋರಿಸುವ ಹೊತ್ತಿಗೆ ಹೋಲಿಸಿ ನೋಡಿದೆ. ವಾಚು ಹಿಂದೆ ಬಿದ್ದಿತ್ತು. ಕೆಲವೇ ನಿಮಿಷ, ಆದರೆ ಹಿಂದೆ ಬಿದ್ದಿತ್ತು. ಮುಳ್ಳನ್ನು ಒಂದಿಷ್ಟು ಮುಂದೆ ತಳ್ಳಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರಳು ಕೀಲಿಯವರೆಗೂ ಹೋಯಿತು. ಮೆಟ್ಟಿಲ ಕೆಳಗಿನ ಆ ಮೂಲೆಗಾಗಿ ಜೀವ ಅಷ್ಟು ಹಂಬಲಿಸುತ್ತಿತ್ತು. ಆದರೆ ಮಾವ ಬೆನ್ನ ಹಿಂದೆ ಬಂದು ನಿಂತ ಹಾಗಾಗಿ ಕೈ ಹಿಂದಕ್ಕೆ ತೆಗೆದೆ.

ಮಗಳು ಡಿಪೋಗೆ ಹೊರಡುವ ಬಟ್ಟೆ ಹಾಕಿಕೊಂಡು ಫೋನು ಹಿಡಿದೇ ಬಂದಳು. ನನ್ನ ಮುಖ ನೋಡಿ ನಿಂತಳು.

“ಹಿಂದೆ ಬಿದ್ದಿದೆ ಕಣೇ,” ಎಂದೆ. “ವೇಗ ಇನ್ನೊಂಚೂರು ತಿದ್ದಬೇಕು. ನನ್ನದೇ ತಪ್ಪು, ಕೈ ನಡುಗಿ ಒಳಗಿನ ವೇಗದ ಕಡ್ಡಿ ಸರಿದಿರಬೇಕು.”

ಅವಳು ‘ನೋಡಿದ್ಯಾ’ ಎನ್ನಬಹುದಿತ್ತು. ಒಪ್ಪಂದ ಎನ್ನಬಹುದಿತ್ತು. ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು. “ಹಾಗಾದ್ರೆ ತಿದ್ದಮ್ಮ. ಇವತ್ತೂ ಮೊಳೆ ಮೇಲೇ ಇರ್ಲಿ. ತಿಂಗಳು ಇನ್ನೂ ಮುಗಿದಿಲ್ಲ.”

ಹೆತ್ತವಳೆಂಬ ಹೆಮ್ಮೆ ನನಗೇನೂ ಕಡಿಮೆಯಿಲ್ಲ. ಆದರೂ ಆ ಕ್ಷಣ ಅವಳ ಮೇಲೆ ಉಕ್ಕಿದಷ್ಟು ಪ್ರೀತಿ ಬಹಳ ದಿನದಿಂದ ಉಕ್ಕಿರಲಿಲ್ಲ. ಬಸ್ಸು ತಪ್ಪುತ್ತದೆ ಹೊರಡು ಎಂದು ಗದರಿದೆ.

ಮಧ್ಯಾಹ್ನ ಒಬ್ಬಳೇ ಕೂತು ವಾಚು ತೆರೆದೆ. ವೇಗ ತಿದ್ದುವ ಕಡ್ಡಿಯನ್ನು ಸೋಕಿತೋ ಇಲ್ಲವೋ ಎಂಬಷ್ಟು ಸರಿಸಿದೆ. ಹಿಂದಿನ ದಿನಕ್ಕಿಂತ ಚಿಮಟ ಕಡಿಮೆ ಅಲುಗಿತು. ಮಾರನೆಯ ಬೆಳಿಗ್ಗೆ ಮೂವರೂ ಮೊಳೆಯ ಮುಂದೆ ನಿಂತು ನೋಡಿದೆವು. ವಾಚು ಟ್ಯಾಬಿನ ಹೊತ್ತಿಗೆ ಸರಿಯಾಗಿ ಓಡುತ್ತಿತ್ತು. ನಾನು ಚೀಟಿ ಕಿತ್ತು ವಾಚನ್ನು ಅಳಿಯನ ಕೈಗೆ ಕೊಟ್ಟೆ. ಅವನು ಕಟ್ಟಿಕೊಂಡು, ತೋಳು ಚಾಚಿ, ಹೊಸ ಮದುಮಗನ ಹಾಗೆ ನೋಡಿಕೊಂಡ. ಮಗಳು ನನ್ನ ಟೀ ಲೋಟದ ಪಕ್ಕ ಬೀಗದ ಕೈ ಇಟ್ಟಳು. ಅದನ್ನೇ ನೋಡುತ್ತಾ ಕೂತೆ, ಟೀ ಆರಿಹೋಯಿತು.

ಬೀಗ ತೆಗೆದಾಗ ಅಂಗಡಿಯ ತುಂಬ ಧೂಳು. ಹಲಗೆಯ ಮೊಳೆಗಳ ಮೇಲೂ ಧೂಳು. ಎಲ್ಲ ಒರೆಸಿ ದೀಪ ಹಾಕಿ ಸ್ಟೂಲಿನ ಮೇಲೆ ಕೂತೆ. ಮೊದಲು ಬಂದವನು ಆ ಫೋನ್ ಕವರಿನವನೇ, ಕೈಯಲ್ಲಿ ಟೇಪು. ನನ್ನನ್ನು ನೋಡಿ ಟೇಪನ್ನು ಜೇಬಿಗೆ ತುರುಕಿಕೊಂಡ. ಪಾಪ, ಒಳ್ಳೆಯ ಹುಡುಗನೇ. ಅವನ ಕೈಯಲ್ಲಿದ್ದ ವಾಚು ನಿಂತುಹೋಗಿತ್ತು.

“ಬಿಚ್ಚಿ ಇಟ್ಟು ಹೋಗು,” ಎಂದೆ.

“ಯಾವಾಗ ಬರ್ಲಿ ಆಂಟಿ?”

ಅದಕ್ಕೆ ಉತ್ತರ ಇಡೀ ಮಾರ್ಕೆಟ್ಟಿಗೆ ಗೊತ್ತು. ಪಕ್ಕದ ಅಂಗಡಿಗಳಲ್ಲಿ ಆಗಲೇ ನಗುತ್ತಿದ್ದರು.

ಸಂಜೆ ಮಗಳು ಡಿಪೋದಿಂದ ನೇರವಾಗಿ ಮಾರ್ಕೆಟ್ಟಿಗೆ ಬಂದಳು. ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ನೋಡಿದಳು. ಮೊಳೆಯಲ್ಲಿ ಒಂದು ವಾಚು ನೇತಾಡುತ್ತಿತ್ತು. ಬೀಗ ಹಾಕಿ ಹೊರಗೆ ಬಂದಾಗ ಗಾಳಿ ತಣ್ಣಗಿತ್ತು. ಅವಳ ಕೈ ಅಭ್ಯಾಸಬಲದಿಂದ ನನ್ನ ಸ್ವೆಟರಿನ ಗುಂಡಿಗೆ ಬಂತು. ಗುಂಡಿಯನ್ನು ಮುಟ್ಟಿ ಅಲ್ಲೇ ನಿಂತಿತು. ಆಮೇಲೆ ಅವಳು ಕೈಯನ್ನು ಹಿಂದಕ್ಕೆಳೆದು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. ಅದು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಕಾಣುತ್ತಿತ್ತು. ಕೈ ಮುರಿದದ್ದು ನನಗೆ, ಅಮ್ಮ ಮುರಿದುಹೋಗುತ್ತಾಳೆ ಎಂಬ ಹೆದರಿಕೆ ಅಂಟಿಕೊಂಡದ್ದು ಅವಳಿಗೆ. ನನ್ನ ಕೈಗಾದರೂ ಟವೆಲು ಕೊಟ್ಟಿದ್ದರು. ಅವಳಿಗೆ ಯಾರೂ ಯಾವ ವ್ಯಾಯಾಮವನ್ನೂ ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದು, ಅವಳು ಮುಖ ತೊಳೆಯಲು ಹೋದಾಗ ನಾನು ಟ್ಯಾಬಿನ ಮುಂದೆ ನಿಂತೆ. ಹೊಸ ಕೆಲಸ ಬರೆಯುವುದು ಹೇಗೆಂದು ಅಳಿಯ ತೋರಿಸಿಕೊಟ್ಟ. ಬಲಗೈ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದೆ: ‘ಅಮ್ಮನ ಗುಂಡಿ ಹಾಕದೇ ಇರುವುದು.’ ಮುಂದೆ ಮಗಳ ಹೆಸರು. ಅದನ್ನು ಎಳೆದು ‘ಮೊಳೆ’ಯ ಕೆಳಗೆ ಬಿಟ್ಟೆ. ಅಳಿಯ ಓದಿ ಪಾತ್ರೆ ತೊಳೆಯಲು ಹೋದ. ಪಾತ್ರೆ ಅವನ ಪಟ್ಟಿಯಲ್ಲಿತ್ತು.

ಮರುದಿನ ಬೆಳಿಗ್ಗೆ ಮಗಳೂ ನಾನೂ ಒಟ್ಟಿಗೆ ಹೊರಟೆವು. ಬಾಗಿಲಲ್ಲಿ ನಿಂತು ನಾನು ಸ್ವೆಟರಿನ ಗುಂಡಿ ಹಾಕಿಕೊಳ್ಳತೊಡಗಿದೆ. ಬೆಳಗಿನ ಹೊತ್ತು ಬೆರಳುಗಳು ಬಿಗಿದಿರುತ್ತವೆ. ಮೇಲಿನ ಗುಂಡಿ ಜಾರಿತು, ಮತ್ತೆ ಜಾರಿತು. ಮಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಕಚ್ಚಿಕೊಂಡು, ಬಸ್ಸಿನ ಹೊತ್ತನ್ನೂ ನೋಡದೆ ನಿಂತಿದ್ದಳು. ಕೊನೆಗೆ ಗುಂಡಿ ಕೂತಿತು. ಅವಳ ಕೈ ಬೆನ್ನ ಹಿಂದೆಯೇ ಇತ್ತು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಟ್ಯಾಬಿನಲ್ಲಿ ಅವಳ ಹೆಸರಿನ ಮುಂದಿದ್ದ ಚೌಕದ ಮೇಲೆ ಬೆರಳಿಟ್ಟೆ. ಅದು ನಾನು ಜೀವಮಾನದಲ್ಲಿ ಹಾಕಿದ ಮೊದಲನೆಯ ಟಿಕ್. ಹೊರಗೆ ಅವಳ ಬ್ಯಾಗಿನೊಳಗೆ ‘ಟಣ್’ ಎಂದಿತು. ಅವಳು ಫೋನು ತೆಗೆದು ಓದುವುದು, ಆಮೇಲೆ ಮೂಗು ಎಳೆದುಕೊಳ್ಳುವುದು ಒಳಗಿನವರೆಗೂ ಕೇಳಿಸಿತು.

“ಆಯ್ತಾ ಅಮ್ಮ?” ಎಂದು ಕೂಗಿದಳು.

“ಆಯ್ತು,” ಎಂದೆ.